ಕಮಟು ಕಂಡುಹಿಡಿಯುವ ಮೂಗು

ತಿಪಟೂರಿನ ಮಂಡಿಯಲ್ಲಿ ನನಗಿಂತ ನನ್ನ ಮೂಗಿಗೆ ಹೆಚ್ಚು ಮರ್ಯಾದೆ ಇತ್ತು. ಇದನ್ನು ಜಂಬಕ್ಕೆ ಹೇಳುತ್ತಿಲ್ಲ. ಜಂಬ ಪಡಲು ಏನೂ ಉಳಿದಿಲ್ಲ ಅನ್ನುವುದು ಮುಂದೆ ನಿಮಗೇ ತಿಳಿಯುತ್ತದೆ. ಉಂಡೆ ಕೊಬ್ಬರಿಯ ರಾಶಿಯಲ್ಲಿ ಎಲ್ಲೋ ತಳದಲ್ಲಿ ಒಂದು ಗಿಟುಕು ಎಣ್ಣೆ ಕೆಟ್ಟು ಕಮಟು ಹಿಡಿದಿದ್ದರೆ ಸಾಕು, ನಾನು ರಾಶಿಯ ಮುಂದೆ ಕುಕ್ಕರುಗಾಲಿನಲ್ಲಿ ಕೂತು ಒಂದೆರಡು ಸಲ ಉಸಿರೆಳೆದು, ಕೈ ಹಾಕಿ, ಅದನ್ನೇ ಎತ್ತಿ ಪಕ್ಕಕ್ಕಿಡುತ್ತಿದ್ದೆ. ಟೆಂಡರು ಮೊಬೈಲಿಗೆ ಬಂದಿದೆ, ತೂಕಕ್ಕೆ ಕರೆಂಟಿನ ಯಂತ್ರ ಬಂದಿದೆ, ಆದರೆ ಕಮಟನ್ನು ಮೂಸುವ ಯಂತ್ರ ಇನ್ನೂ ಬಂದಿಲ್ಲ. ಅದಕ್ಕೇ ನನ್ನ ಮಾಲು ಇಲ್ಲದ ದಿನವೂ ಮಂಡಿಯವರು ಬಿಳಿಗೆರೆಯ ಹತ್ತಿರದ ನಮ್ಮ ತೋಟಕ್ಕೆ ಫೋನು ಮಾಡಿ ಕರೆಸಿಕೊಳ್ಳುತ್ತಿದ್ದರು. ನಾನು ಬಿಳಿ ಅಂಗಿ ಹಾಕಿಕೊಂಡು ಹೋಗುತ್ತಿದ್ದೆ.

ಇಂಥ ಮೂಗಿನ ಯಜಮಾನನಿಗೆ ಜನ ಜಾಗ ಬಿಡದೆ ಇರುತ್ತಾರೆಯೇ? ನಾನು ಮಾತಾಡಲು ಬಾಯಿ ತೆರೆದರೆ ಎದುರಿಗಿದ್ದವರು ಒಂದು ಹೆಜ್ಜೆ ಹಿಂದೆ ಸರಿಯುತ್ತಿದ್ದರು. ದಲ್ಲಾಳಿ ತಲೆ ತಗ್ಗಿಸಿ, ಮುಖ ಪಕ್ಕಕ್ಕೆ ಮಾಡಿ, ಬಹಳ ವಿನಯದಿಂದ ಕೇಳಿಸಿಕೊಳ್ಳುತ್ತಿದ್ದ. ಬಸ್ಸಿನಲ್ಲಿ ನನ್ನ ಪಕ್ಕ ಕೂತವರು ನಾನು ಎರಡು ಮಾತಾಡುವಷ್ಟರಲ್ಲಿ ಕಿಟಕಿಯ ಕಡೆ ತಿರುಗಿ ತೆಂಗಿನ ಮರ ನೋಡತೊಡಗುತ್ತಿದ್ದರು. ತಿಪಟೂರಿನಿಂದ ತುರುವೇಕೆರೆಗೆ ಹೋಗುವ ದಾರಿಯಲ್ಲಿ ತೆಂಗಿನ ಮರ ಬಿಟ್ಟರೆ ನೋಡುವುದಕ್ಕೆ ಇನ್ನೇನಿದೆ? ಹುಟ್ಟಿದಾಗಿನಿಂದ ಕಂಡ ಮರವನ್ನೇ ಅಷ್ಟು ಭಕ್ತಿಯಿಂದ ನೋಡುವವರು ನಮ್ಮ ಸೀಮೆಯಲ್ಲಿ ಇನ್ನೂ ಇದ್ದಾರಲ್ಲ ಎಂದು ನನಗೆ ಸಂತೋಷವಾಗುತ್ತಿತ್ತು. ವಯಸ್ಸಾದಂತೆ ಮನುಷ್ಯನಿಗೆ ಒಂದು ಘನತೆ ಬರುತ್ತದೆ, ಜನ ತಾವಾಗಿಯೇ ದೂರ ನಿಲ್ಲುತ್ತಾರೆ ಎಂದು ನನಗೆ ನಾನೇ ಸರ್ಟಿಫಿಕೇಟು ಕೊಟ್ಟುಕೊಂಡಿದ್ದೆ.

ಊರಿನವರದು ಗೌರವ, ಒಪ್ಪಿದೆ. ಆದರೆ ನಮ್ಮನೆಯವಳದು?

ಸಂಜೆ ಹೊತ್ತು ಜಗಲಿಯ ಮೇಲೆ ನನ್ನ ಭುಜಕ್ಕೆ ಭುಜ ತಾಗಿಸಿ ಕೂತು, ಊರಿನ ಅಷ್ಟೂ ಮನೆಗಳ ಸುದ್ದಿಯನ್ನು ಒಂದೂ ಬಿಡದೆ ಹೇಳುತ್ತಿದ್ದವಳು ಅವಳು. ಹಂದನಕೆರೆಯ ಕಡೆಯವಳು, ಮಾತಿಗೆ ಬರವಿಲ್ಲ. ಪಂಚಾಯಿತಿ ಅಧ್ಯಕ್ಷನನ್ನೇ ರಸ್ತೆಯಲ್ಲಿ ನಿಲ್ಲಿಸಿ ನೀರು ಯಾಕೆ ಬಂದಿಲ್ಲ ಎಂದು ಕೇಳಿದ ಹೆಂಗಸು. ಅವಳು ಮೊದಲು ನನ್ನ ಪಕ್ಕದಿಂದ ಎದ್ದು ಕಂಬದ ಆಚೆ ಕೂರಲು ಶುರುಮಾಡಿದಳು. ಆಮೇಲೆ ಹೊಸ್ತಿಲಿಗೆ ಹೋದಳು. ಕೊನೆಗೆ ಅಡುಗೆಮನೆಯಿಂದಲೇ ಕೂಗಿ ಮಾತಾಡುವುದು ರೂಢಿಯಾಯಿತು. ಹಾಸಿಗೆಯನ್ನೂ ಪಡಸಾಲೆಗೆ ಸಾಗಿಸಿದಳು. ಯಾಕೆ ಅಂದರೆ, ಸೆಕೆ ಕಣ್ರೀ ಅಂದಳು. ಆಗ ಧನುರ್ಮಾಸ, ನಾನು ಎರಡು ಕಂಬಳಿ ಹೊದ್ದು ಮಲಗುತ್ತಿದ್ದೆ.

ನನಗೆ ನೋವಾಗಿತ್ತು. ಸುತ್ತಿ ಬಳಸಿ ಹೇಳುವುದು ಬೇಡ, ಬಹಳ ನೋವಾಗಿತ್ತು. ಈ ವಯಸ್ಸಿನಲ್ಲಿ ಹೆಂಡತಿಗೆ ನಾನು ಬೇಡವಾದೆನಲ್ಲ ಎಂದು ತೋಟದಲ್ಲಿ ಒಬ್ಬನೇ ನಿಂತು ಮರುಗಿದ್ದೇನೆ. ಅವಳು ಮತ್ತೆ ಬಂದು ಪಕ್ಕದಲ್ಲಿ ಕೂತರೆ ಸಾಕು ಅನ್ನುವುದು ಬಿಟ್ಟು ನನಗೆ ಆಗ ಬೇರೆ ಆಸೆ ಇರಲಿಲ್ಲ. ಆದರೆ ಮತ್ತೆ ಬಾಯಿಬಿಟ್ಟು ಕೇಳಲಿಲ್ಲ. ನಮ್ಮ ವಂಶದ ಗಂಡಸರಿಗೆಲ್ಲ ಕೋಪ ಮೂಗಿನ ತುದಿಯಲ್ಲೇ ಇರುತ್ತದೆ, ನನ್ನದು ಎಷ್ಟಾದರೂ ಹೆಸರುವಾಸಿ ಮೂಗು. ಬೈಯುವುದು, ಹೊಡೆಯುವುದು ನನ್ನ ಜಾಯಮಾನದಲ್ಲಿಲ್ಲ. ನಾನು ಮಾತು ಬಿಡುತ್ತೇನೆ. ಒಮ್ಮೆ ಒಂದು ಮದುವೆಯಲ್ಲಿ ನಾಲ್ಕು ಜನರ ಮುಂದೆ ನನ್ನ ಅಂಗಿಯ ಗುಂಡಿ ಮೇಲುಕೆಳಗಾಗಿದೆ ಎಂದು ಅವಳು ಹೇಳಿಬಿಟ್ಟಳು. ಅಲ್ಲಿಂದ ಬಂದವನು ಆಷಾಢ ಕಳೆಯುವ ತನಕ ಅವಳ ಜೊತೆ ಮಾತಾಡಲಿಲ್ಲ. ಕಾಫಿ ಬೇಕಾದರೆ ಕೊಟ್ಟಿಗೆಗೆ ಹೋಗಿ ಎಮ್ಮೆಯ ಹತ್ತಿರ, ಈ ಮನೆಯಲ್ಲಿ ಕಾಫಿ ಕಾಸುವವರು ಯಾರೂ ಇಲ್ಲವೇನೋ ಎಂದು ಗಟ್ಟಿಯಾಗಿ ಹೇಳುತ್ತಿದ್ದೆ. ಕಾಫಿ ಬರುತ್ತಿತ್ತು.

ಇದರ ನಡುವೆ ಬೆಳಿಗ್ಗೆ ಹಲ್ಲುಜ್ಜುವಾಗ ವಸಡಿನಲ್ಲಿ ರಕ್ತ ಕಾಣಿಸಿಕೊಂಡಿತು. ನಾನು ತೆಂಗಿನ ಚಿಪ್ಪು ಸುಟ್ಟ ಇದ್ದಿಲಿಗೆ ಉಪ್ಪು ಬೆರೆಸಿ ಬೆರಳಿನಲ್ಲಿ ಉಜ್ಜುವವನು. ಅಂಗಡಿಯ ಪೇಸ್ಟನ್ನು ಕಂಡರೆ ಒಂದು ತಾತ್ಸಾರದ ನಗೆ ನಗುತ್ತಿದ್ದೆ. ರಕ್ತ ಬಂತು ಅಂದದ್ದೇ ತಡ, ಕೇಳಿದವರೆಲ್ಲ ಒಂದೇ ಉತ್ತರ ಕೊಟ್ಟರು: ಉಷ್ಣ. ನಮ್ಮ ಸೀಮೆಯಲ್ಲಿ ಉಷ್ಣ ಮಾಡದ ಕೆಲಸವಿಲ್ಲ. ಕಣ್ಣು ಕೆಂಪಾದರೂ ಉಷ್ಣ, ಕೂದಲು ಉದುರಿದರೂ ಉಷ್ಣ, ಸೊಸೆ ಎದುರುತ್ತರ ಕೊಟ್ಟರೆ ಅವಳಿಗೂ ಉಷ್ಣ. ನನಗೆ ದಿನಾ ಎಳನೀರು, ಮೆಂತ್ಯ ನೆನೆಸಿದ ನೀರು, ನೆತ್ತಿಗೆ ಹರಳೆಣ್ಣೆ ಶುರುವಾಯಿತು. ತಲೆಗೂ ಹೊಟ್ಟೆಗೂ ಉಪಚಾರ ನಡೆಯಿತು, ವಸಡನ್ನು ಮಾತ್ರ ಯಾರೂ ವಿಚಾರಿಸಲಿಲ್ಲ. ನಾನಂತೂ ಇನ್ನೂ ಒಂದು ಹೆಜ್ಜೆ ಮುಂದೆ ಹೋಗಿ, ರಕ್ತ ಬರುವ ಜಾಗವನ್ನು ನೋಯಿಸಬಾರದೆಂದು ಅಲ್ಲಿ ಉಜ್ಜುವುದನ್ನೇ ನಿಲ್ಲಿಸಿದೆ. ಬಾಯೊಳಗಿನ ಬ್ಯಾಕ್ಟೀರಿಯಾಗಳು ಆ ದಿನ ಮೀಸೆ ತಿರುವಿರಬೇಕು. ಸ್ವಂತ ಯಜಮಾನನೇ ಬಂದು ಜಾಗ ಬಿಟ್ಟುಕೊಟ್ಟು, ಇನ್ನು ಮೇಲೆ ಈ ಕಡೆ ಬರುವುದಿಲ್ಲ ಎಂದು ಮಾತು ಕೊಟ್ಟು ಹೋದರೆ ಅವಕ್ಕೆ ಇನ್ನೇನು ಬೇಕು.

ರಕ್ತ ಬರುವುದು ಕಮ್ಮಿಯಾಯಿತು. ಉಜ್ಜದಿದ್ದರೆ ರಕ್ತ ಎಲ್ಲಿಂದ ಬರಬೇಕು? ಎಳನೀರು ಗೆದ್ದಿತು ಎಂದು ನಾಲ್ಕು ಜನಕ್ಕೆ ಹೇಳಿದೆ. ಅವರೂ ನಾಲ್ಕು ಜನಕ್ಕೆ ಹೇಳಿರಬಹುದು. ನನ್ನಿಂದ ಎಷ್ಟು ವಸಡು ಹಾಳಾಯಿತೋ ಶಿವನೇ ಬಲ್ಲ.

ಆಮೇಲೆ ಕೆಳಗಿನ ಮುಂದಿನ ಹಲ್ಲು ಅಲುಗಾಡತೊಡಗಿತು. ಇಲ್ಲಿ ಹೊರಗಿನವರಿಗೆ ಒಂದು ವಿಷಯ ಹೇಳಬೇಕು. ನಾವು ಕಾಯಿ ಕಿತ್ತು ಸಿಪ್ಪೆಯ ಸಮೇತ ಅಟ್ಟಕ್ಕೆ ಹಾಕುತ್ತೇವೆ. ಕತ್ತಲಲ್ಲಿ, ಯಾರೂ ಮುಟ್ಟದೆ, ಅದು ಸುಮಾರು ಒಂದು ವರ್ಷ ಅಲ್ಲೇ ಒಣಗುತ್ತದೆ. ಒಳಗಿನ ತಿರುಳು ಒಣಗುತ್ತಾ ಒಣಗುತ್ತಾ ಚಿಪ್ಪಿನಿಂದ ಕಳಚಿಕೊಳ್ಳುತ್ತದೆ. ಆಗ ಕಾಯಿಯನ್ನು ಕಿವಿಯ ಹತ್ತಿರ ಹಿಡಿದು ಅಲ್ಲಾಡಿಸಿದರೆ ಒಳಗೆ ಗಿಟುಕು ಗುಡುಗುಡು ಅನ್ನುತ್ತದೆ. ಆ ಸದ್ದು ಕೇಳಿದರೆ, ಬಿಟ್ಕಂಡೈತೆ ಅನ್ನುತ್ತೇವೆ. ಹಾಗಂದರೆ ಹದವಾಯಿತು, ಇಳಿಸಬಹುದು, ದುಡ್ಡಾಯಿತು ಎಂದು ಅರ್ಥ. ನಮ್ಮ ಕಡೆ ಇದಕ್ಕಿಂತ ಶುಭಸಮಾಚಾರ ಇಲ್ಲ. ಕಳಚಿಕೊಂಡದ್ದು ಒಳ್ಳೆಯದು, ಅಂಟಿಕೊಂಡಿರುವುದು ಇನ್ನೂ ಹಸಿ ಅನ್ನುವ ಪಾಠವನ್ನು ನಾವು ಅಂಬೆಗಾಲಿಡುವಾಗಲೇ ಕಲಿತಿರುತ್ತೇವೆ.

ಆದ್ದರಿಂದ ಹಲ್ಲು ಅಲುಗಾಡಿದಾಗ ನನಗೆ ಗಾಬರಿ ಆಗಲಿಲ್ಲ. ಕಾಲ ಬಂತು, ತಾನಾಗಿ ಬಿಟ್ಟುಕೊಳ್ಳುತ್ತಿದೆ ಎಂದುಕೊಂಡೆ. ಅರಳಗುಪ್ಪೆಯ ನನ್ನ ಗೆಳೆಯ, ಮಿಡ್ಲಿಸ್ಕೂಲಿನಿಂದ ಜೊತೆಗಿದ್ದವನು, ಅವನೂ ಕೊಬ್ಬರಿಯವನೇ, ಮಂಡಿಯ ಮೆಟ್ಟಿಲ ಮೇಲೆ ಕೂತು ನನ್ನ ಹಲ್ಲನ್ನು ದೂರದಿಂದಲೇ ಪರೀಕ್ಷೆ ಮಾಡಿ ತೀರ್ಪು ಕೊಟ್ಟ.

"ನೋವಿಲ್ವಲ್ಲ? ಹಂಗಾರೆ ಬುಡ್ಲಾ, ವಯಸ್ಸಾಯ್ತು, ಬಿಟ್ಕತ್ತೈತೆ ಅಷ್ಟೆ."

ನೋವಿರಲಿಲ್ಲ, ನಿಜ. ನೋವಿಲ್ಲದ ಕಾಯಿಲೆಗೆ ಡಾಕ್ಟರ ಹತ್ತಿರ ಹೋಗುವುದು ನಮ್ಮಲ್ಲಿ ಶೋಕಿ ಅನಿಸಿಕೊಳ್ಳುತ್ತದೆ. ನಾನು ಶೋಕಿಯವನಲ್ಲ. ಸೊಸೈಟಿಯ ಸಭೆಯಲ್ಲಿ ಭಾಷಣ ಬೇಸರವಾದಾಗ ನಾಲಿಗೆಯ ತುದಿಯಿಂದ ಆ ಹಲ್ಲನ್ನು ಹಿಂದೆ ಮುಂದೆ ಮಾಡುತ್ತಾ ಕೂರುತ್ತಿದ್ದೆ. ಬೇಗ ಹೊತ್ತು ಹೋಗುತ್ತಿತ್ತು.

ಅದು ಕಳಚಿದ್ದು ಮಂಡಿಯಲ್ಲೇ. ಹೊರಗಿನಿಂದ ಬಂದ ಹೊಸ ಖರೀದಿದಾರನೊಬ್ಬ ನಮ್ಮ ಮಾಲು ಇನ್ನೂ ಸ್ವಲ್ಪ ಹಸಿಯಿದೆಯಲ್ಲ ಎಂದು ಮೂತಿ ತಿರುವಿದ. ನನ್ನ ಮಾಲು, ಹಸಿಯಂತೆ! ನಾನು ಒಂದು ಗಿಟುಕು ಒಡೆದು ಹೋಳು ಮಾಡಿ, ನೋಡಿ ಸ್ವಾಮಿ ಎಂದು ಅವನ ಕಣ್ಣೆದುರಿಗೇ ಕಟಕ್ಕನೆ ಕಚ್ಚಿದೆ. ಒಣಗಿದ ಕೊಬ್ಬರಿಗೆ ಬರಬೇಕಾದ ಸದ್ದೇ ಬಂತು. ಹೋಳನ್ನು ಬಾಯಿಂದ ತೆಗೆದು ಅವನ ಮುಂದೆ ಹಿಡಿದರೆ, ಬೆಳ್ಳಗಿನ ಕೊಬ್ಬರಿಯಲ್ಲಿ ನನ್ನ ಹಲ್ಲು ನೆಟ್ಟಗೆ ನಿಂತಿತ್ತು. ಅವನು ಅದನ್ನು ನೋಡಿದ, ನನ್ನ ಬಾಯಿ ನೋಡಿದ, ಆಮೇಲೆ ಬಹಳ ಮರ್ಯಾದೆಯಿಂದ ಕೇಳಿದ:

"ಸಾವ್ಕಾರ್ರೆ, ಇದನ್ನೂ ಸೇರಿಸಿ ತೂಕಕ್ಕೆ ಹಾಕ್ಲಾ?"

ಮಂಡಿಯೆಲ್ಲಾ ಬಿದ್ದು ಬಿದ್ದು ನಕ್ಕಿತು. ನಾನೂ ನಕ್ಕೆ. ಬೇರೆ ದಾರಿ ಇರಲಿಲ್ಲ. ಹಲ್ಲನ್ನು ಜೇಬಿಗೆ ಹಾಕಿಕೊಂಡು, ಕರ್ಚೀಫು ಬಾಯಿಗೆ ಒತ್ತಿಕೊಂಡು ಮನೆಗೆ ಬಂದೆ.

ನಮ್ಮನೆಯವಳು ಆ ಹಲ್ಲನ್ನು ಅಂಗೈಯಲ್ಲಿಟ್ಟುಕೊಂಡು ನೋಡಿದಳು. ಬೇರಿನ ತುಂಬ ಕಂದು ಬಣ್ಣದ ಗಟ್ಟಿ ಕಿಟ್ಟ ಮೆತ್ತಿತ್ತು. ಅವಳು ನಗಲಿಲ್ಲ. ಕಣ್ಣಲ್ಲಿ ನೀರು ತಂದುಕೊಂಡು, ನಾಳೆ ಡಾಕ್ಟರ ಹತ್ರ ಹೋಗಾನ, ನಾನೂ ಬತ್ತೀನಿ ಅಂದಳು. ಎಷ್ಟೋ ದಿನದ ಮೇಲೆ ಅವಳು ನನ್ನ ಮುಖವನ್ನು ನೆಟ್ಟಗೆ ನೋಡಿದ್ದು ಅಂದೇ. ಒಂದು ಹಲ್ಲು ಹೋದರೆ ಹೆಂಡತಿ ಇಷ್ಟು ಹತ್ತಿರ ಬರುವಳಾದರೆ ಉಳಿದವೂ ಹೋಗಲಿ ಎಂದು ನನಗೆ ಒಂದು ಗಳಿಗೆ ಅನಿಸಿದ್ದು ಸುಳ್ಳಲ್ಲ.

ತಿಪಟೂರಿನಲ್ಲಿ ಹಲ್ಲಿನ ಡಾಕ್ಟರು ಒಬ್ಬ ಹೆಣ್ಣುಮಗಳು, ವಸಡಿನ ಬಗ್ಗೆಯೇ ಬೇರೆ ಓದಿಕೊಂಡು ಬಂದವಳು. ಅವಳು ಮುಖಕ್ಕೆ ಮಾಸ್ಕು ಹಾಕಿಕೊಂಡೇ ಇದ್ದಳು. ನಾನು ಕುರ್ಚಿಯಲ್ಲಿ ಒರಗಿ ಬಾಯಿ ಬಿಟ್ಟ ಮೇಲೆ ಅದರ ಮೇಲೆ ಇನ್ನೊಂದು ಮಾಸ್ಕು ಹಾಕಿಕೊಂಡಳು. ಎಷ್ಟು ಶುಚಿ ನೋಡು ಎಂದು ನನಗೆ ಆ ಹುಡುಗಿಯ ಮೇಲೆ ಅಭಿಮಾನ ಬಂತು. ಗೆರೆ ಹಾಕಿದ ತೆಳ್ಳನೆಯ ಕಡ್ಡಿಯೊಂದನ್ನು ಹಲ್ಲಿಗೂ ವಸಡಿಗೂ ನಡುವೆ ಇಳಿಸುತ್ತಾ ಹೋದಳು. ಗಟ್ಟಿ ವಸಡಾದರೆ ಕಡ್ಡಿಯ ತುದಿ ಮಾತ್ರ ಇಳಿದು ನಿಲ್ಲಬೇಕಂತೆ. ನನ್ನ ಬಾಯಲ್ಲಿ ಅದು ಎಲ್ಲಿ ಇಟ್ಟರೂ ತಡೆಯಿಲ್ಲದೆ ಒಳಗೆ ಹೋಗುತ್ತಿತ್ತು. ಹೋದಲ್ಲೆಲ್ಲ ರಕ್ತ ಒಸರಿತು.

ಆಮೇಲೆ ಅವಳು ಒಂದು ಹಲ್ಲಿನ ಬುಡದಿಂದ ಸಾಸಿವೆಯಷ್ಟು ಕೊಳೆ ಕೆರೆದು ಗಾಜಿನ ಚೂರಿಗೆ ಸವರಿ, ಸೂಕ್ಷ್ಮದರ್ಶಕದ ಕೆಳಗಿಟ್ಟು, ಗೋಡೆಯ ಟೀವಿಯಲ್ಲಿ ತೋರಿಸಿದಳು. ಸಂತೆ ಸೇರಿತ್ತು. ಗುಂಡಗಿನವು, ಕಡ್ಡಿಯಂಥವು, ಸುರುಳಿ ಸುತ್ತಿಕೊಂಡು ಹಾವಿನ ಮರಿಯ ಹಾಗೆ ಸರಸರ ಹರಿಯುವವು. ಒಂದಕ್ಕೂ ಬಿಡುವಿರಲಿಲ್ಲ. ನನ್ನ ಬಾಯಲ್ಲಿ ಇಷ್ಟು ಕುಟುಂಬ ಸಂಸಾರ ಮಾಡಿಕೊಂಡಿವೆ, ನಾನು ನೋಡಿದರೆ ಮನೆಯಲ್ಲಿ ಒಬ್ಬನೇ ಆದೆ ಎಂದು ಮರುಗುತ್ತಿದ್ದೇನೆ.

ಡಾಕ್ಟರಮ್ಮ ಬಿಡಿಸಿ ಹೇಳಿದಳು. ಹಲ್ಲಿನ ಮೇಲೆ ಅಂಟಂಟಾದ ಪೊರೆ ಕಟ್ಟಿಕೊಂಡು ಇವು ಅದರೊಳಗೆ ಊರು ಮಾಡುತ್ತವೆ. ಉಜ್ಜಿ ಕೀಳದಿದ್ದರೆ ಪೊರೆ ದಪ್ಪವಾಗುತ್ತದೆ, ವಸಡಿನ ಅಂಚಿನಿಂದ ಕೆಳಕ್ಕೆ ಇಳಿಯುತ್ತದೆ. ಗಾಳಿ ಆಗದ ಜಾತಿಯವು ಆ ಕತ್ತಲಲ್ಲೇ ಚೆನ್ನಾಗಿ ಬಾಳುತ್ತವೆ. ವಸಡಿನ ಒಳಗೋಡೆಯಲ್ಲಿ ಜೀವಕೋಶಗಳು ಒಂದಕ್ಕೊಂದು ಅಂಟಿಕೊಂಡು, ಹಲ್ಲಿಗೂ ಅಂಟಿಕೊಂಡು, ಒಂದು ಬಿಗಿ ಹಾಕಿರುತ್ತವೆ. ಈ ಬ್ಯಾಕ್ಟೀರಿಯಾಗಳು ಉಗುಳುವ ರಸ ಆ ಅಂಟನ್ನೇ ಕರಗಿಸುತ್ತದೆ. ಕೋಶಕ್ಕೂ ಕೋಶಕ್ಕೂ ನಡುವೆ ಸಂದು ಬೀಳುತ್ತದೆ. ಕೆಲವು ಆ ಸಂದಿನಲ್ಲಿ ನುಸುಳಿ ಕೋಶದ ಒಳಗೇ ಹೊಕ್ಕು ಕೂತುಬಿಡುತ್ತವೆ. ಸತ್ತವುಗಳ ಮೈಯಿಂದ ಕಳಚುವ ವಿಷ ಬೇರೆ. ಅಂಥ ಹೊತ್ತಿನಲ್ಲಿ ವಸಡಿನ ಕೋಶ ಸುಮ್ಮನಿರುವುದಿಲ್ಲ, ಕಳ್ಳರು ಬಂದರು ಎಂದು ಮೈಗೆಲ್ಲಾ ಕೇಳುವ ಹಾಗೆ ಸುದ್ದಿ ಕಳಿಸುತ್ತದೆ. ರಕ್ತನಾಳಗಳು ಹಿಗ್ಗುತ್ತವೆ. ವಸಡು ಕೆಂಪಾಗಿ ಊದಿ, ಮುಟ್ಟಿದರೆ ರಕ್ತ ಬರುವುದು ಅದಕ್ಕೇ.

ಉಷ್ಣ ಅಲ್ಲವೇನಮ್ಮ ಎಂದು ನಾನು ಮಧ್ಯೆ ಬಾಯಿ ಹಾಕಿದೆ. ಅವಳಿಗೆ ನಗು ಬಂತು. ಉರಿಯೂತ ಅಂತಲೇ ಅದರ ಹೆಸರು, ಹಾಗಾಗಿ ನಿಮ್ಮ ಊರವರು ಪೂರ್ತಿ ತಪ್ಪು ಹೇಳಿಲ್ಲ, ಆದರೆ ಅದು ಎಳನೀರಿಗೆ ಆರುವ ಉರಿಯಲ್ಲ ಅಂದಳು. ಹಾಗಾದರೆ ಹಲ್ಲು ತಾನಾಗಿ ಬಿಟ್ಟುಕೊಳ್ಳುವುದು ಎಂದೆ. ತಿಪಟೂರಿನ ಹುಡುಗಿ, ಮಾತು ತಕ್ಷಣ ಹಿಡಿದಳು. ಹಲ್ಲು ಹದವಾಗಿ ಬಿಟ್ಟುಕೊಳ್ಳುವ ಪದಾರ್ಥವಲ್ಲ, ಅದು ನಿಂತಿರುವ ಮೂಳೆ ಕರಗಿದೆ, ಸಾಯುವ ತನಕ ಅಂಟಿಕೊಂಡೇ ಇರಬೇಕಾದ್ದು ಕಳಚಿದೆ ಅಂದಳು. ಮುಂದಿನ ಮಾತನ್ನು ಮಾತ್ರ ಅವಳು ಕುರ್ಚಿ ಹತ್ತಿರಕ್ಕೆ ಎಳೆದುಕೊಂಡು ನಿಧಾನವಾಗಿ ಹೇಳಿದಳು.

"ಶುರು ಮಾಡೋದು ಬ್ಯಾಕ್ಟೀರಿಯಾ, ಯಜಮಾನ್ರೆ. ಆದ್ರೆ ಜಾಸ್ತಿ ಹಾಳು ಮಾಡೋದು ಅವಲ್ಲ. ಅವನ್ನ ಹೊಡೆಯಕ್ಕೆ ಅಂತ ನಿಮ್ಮ ದೇಹ ಸೈನ್ಯ ಕಳಿಸುತ್ತಲ್ಲ, ಅದರ ಕೋಪ ಇಳಿಯೋದೇ ಇಲ್ಲ. ವರ್ಷಗಟ್ಟಲೆ ಹೊಡೀತಾನೇ ಇರುತ್ತೆ. ಆ ಏಟಿಗೆ ಕರಗಿ ಹೋಗೋದು ನಿಮ್ಮದೇ ವಸಡು, ನಿಮ್ಮದೇ ಮೂಳೆ."

ನನ್ನ ದೇಹಕ್ಕೂ ನನ್ನದೇ ಗುಣ ಬಂದಿದೆ ಎಂದುಕೊಂಡೆ. ಆಗ ಅದು ತಮಾಷೆಯಾಗಿಯೇ ಕಂಡಿತು.

ಆಮೇಲೆ ಅವಳು ಕಾಗದದಲ್ಲಿ ಬರೆದುಕೊಳ್ಳುತ್ತಾ, ಬಹಳ ಸಹಜವಾಗಿ, ಈ ವಾಸನೆ ಎಷ್ಟು ವರ್ಷದಿಂದ ಇದೆ ಎಂದು ಕೇಳಿದಳು.

ಯಾವ ವಾಸನೆ ಎಂದೆ ನಾನು.

ಡಾಕ್ಟರಮ್ಮನ ಪೆನ್ನು ನಿಂತಿತು. ಅವಳು ನನ್ನನ್ನು ನೋಡಲಿಲ್ಲ, ನಮ್ಮನೆಯವಳನ್ನು ನೋಡಿದಳು. ನಮ್ಮನೆಯವಳು ನೆಲದ ಟೈಲ್ಸು ನೋಡುತ್ತಿದ್ದಳು. ಕ್ಲಿನಿಕ್ಕಿನ ಆ ಟೈಲ್ಸಿನಲ್ಲಿ ಅಂಥ ವಿಶೇಷವೇನೂ ಇರಲಿಲ್ಲ. ಬಸ್ಸಿನ ಕಿಟಕಿಯಿಂದ ಕಾಣುವ ತೆಂಗಿನ ಮರದಲ್ಲಿ ಎಷ್ಟು ವಿಶೇಷವಿತ್ತೋ ಅಷ್ಟೇ ಇತ್ತು. ನನಗೆ ಒಂದೇ ಏಟಿಗೆ ಎಲ್ಲ ತಿಳಿಯಿತು. ದಲ್ಲಾಳಿಯ ವಿನಯ, ಹಿಂದೆ ಸರಿದವರ ಗೌರವ, ದೂರದಿಂದ ಹಲ್ಲು ನೋಡಿದ ಗೆಳೆಯ, ಎರಡನೆಯ ಮಾಸ್ಕು, ಧನುರ್ಮಾಸದ ಸೆಕೆ.

ಪಾಪ, ಡಾಕ್ಟರಮ್ಮ ಸಮಾಧಾನ ಮಾಡಲು ನೋಡಿದಳು. ಆ ಬ್ಯಾಕ್ಟೀರಿಯಾಗಳು ವಸಡಿನ ಮಾಂಸವನ್ನು ಮುರಿದು ತಿನ್ನುವಾಗ ಗಂಧಕದ ವಾಸನೆಯ ಗಾಳಿ ಬಿಡುತ್ತವೆ, ಅವರವರ ಬಾಯಿಯ ವಾಸನೆ ಅವರವರ ಮೂಗಿಗೆ ಒಗ್ಗಿಹೋಗಿರುತ್ತದೆ, ಯಾರಿಗೂ ತಿಳಿಯುವುದಿಲ್ಲ, ಇದರಲ್ಲಿ ನಾಚಿಕೆ ಪಡುವಂಥದ್ದೇನಿಲ್ಲ ಅಂದಳು. ಯಾರಿಗೂ ತಿಳಿಯದಿರಬಹುದು ತಾಯಿ, ಆದರೆ ರಾಶಿಯ ತಳದ ಒಂದು ಕಮಟು ಗಿಟುಕನ್ನು ಹೆಕ್ಕುವ ಮೂಗು ಇದು. ಅದರ ಕೆಳಗೆ ಎರಡು ಬೆರಳಿನ ದೂರದಲ್ಲಿ ಇಡೀ ಮಂಡಿಯೇ ಕಮಟು ಹಿಡಿದಿದ್ದರೂ ಗೊತ್ತಾಗಲಿಲ್ಲವಲ್ಲ. ಇದನ್ನು ಅವಳಿಗೆ ಹೇಳಲಿಲ್ಲ. ಬಾಯಿ ಬಿಡಲು ಧೈರ್ಯ ಬರಲಿಲ್ಲ.

ವಾಪಸು ಬರುವಾಗ ಬಸ್ಸಿನಲ್ಲಿ ಕಿಟಕಿಯ ಪಕ್ಕ ನಾನೇ ಕೂತೆ. ದಾರಿಯುದ್ದಕ್ಕೂ ತೆಂಗಿನ ಮರ ನೋಡಿದೆ.

ಊರಿನವರ ಮೇಲೆ ನನಗೆ ಕೋಪ ಬರಲಿಲ್ಲ. ಅವರೇನು ನನ್ನ ನೆಂಟರೇ? ಕೋಪ ಬಂದದ್ದು ನಮ್ಮನೆಯವಳ ಮೇಲೆ. ಪಂಚಾಯಿತಿ ಅಧ್ಯಕ್ಷನಿಗೆ ಹೆದರದ ಹೆಂಗಸು, ಸಾರಿಗೆ ಉಪ್ಪು ಹೆಚ್ಚಾಗಿದೆ ಎಂದು ಬೀಗರ ಮನೆಯಲ್ಲೇ ಹೇಳಿ ಬಂದವಳು, ಕಟ್ಟಿಕೊಂಡ ಗಂಡನಿಗೆ ಒಂದು ಮಾತು ಹೇಳಬಾರದಿತ್ತೇ? ಊರೆಲ್ಲ ಮೂಗು ಮುಚ್ಚಿಕೊಂಡು ತಿರುಗುತ್ತಿದ್ದರೆ ನಾನು ಬಿಳಿ ಅಂಗಿ ಹಾಕಿಕೊಂಡು ನಡುವೆ ಮೆರೆಯುವುದನ್ನು ನೋಡಿಕೊಂಡು ಸುಮ್ಮನಿದ್ದಳಲ್ಲ? ನನಗೆ ಮೈಯೆಲ್ಲ ಉರಿಯಿತು. ನನಗೆ ಗೊತ್ತಿದ್ದ ಕೆಲಸವನ್ನೇ ಮಾಡಿದೆ. ಮಾತು ಬಿಟ್ಟೆ.

ಚಿಕಿತ್ಸೆ ನಡೆಯುತ್ತಿತ್ತು. ಡಾಕ್ಟರಮ್ಮ ಬಾಯಿಯ ಒಂದೊಂದು ಮೂಲೆಗೆ ಮರಗಟ್ಟುವ ಸೂಜಿ ಕೊಟ್ಟು, ವಸಡಿನ ಒಳಗಿನಿಂದ ಕಿಟ್ಟ ಕೆರೆದು ತೆಗೆದಳು. ಅವಳು ಸ್ವಚ್ಛ ಮಾಡುವುದು ಒಂದು ಪಾಲು, ದಿನಾ ನಾನು ಉಜ್ಜುವುದು ಇನ್ನೊಂದು ಪಾಲು ಎಂದು ಹೇಳಿ, ಮಗುವಿಗೆ ಕಲಿಸುವ ಹಾಗೆ ಬ್ರಷ್ಷು ಹಿಡಿಯುವುದನ್ನು ಕಲಿಸಿದಳು. ಇದ್ದಿಲು ಕಂಡರೆ ಓಡಿಹೋಗಿ ಅಂದಳು. ಇನ್ನೆರಡು ಹಲ್ಲು ಉಳಿಯಲಿಲ್ಲ. ಉಳಿದವು ನಿಲ್ಲುತ್ತವೆ, ಒಳಗಿನ ಉರಿ ಆರಿದರೆ ವಸಡು ತಾನೇ ಹಲ್ಲನ್ನು ಮತ್ತೆ ಬಿಗಿಯಾಗಿ ತಬ್ಬಿಕೊಳ್ಳುತ್ತದೆ, ಆದರೆ ಕರಗಿದ ಮೂಳೆ ಇದ್ದ ಹಾಗೆ ತಿರುಗಿ ಬರುವುದಿಲ್ಲ ಎಂದಳು. ಇದನ್ನೆಲ್ಲ ಮನೆಗೆ ಬಂದು ಯಾರಿಗೆ ಹೇಳುವುದು? ಕನ್ನಡಿಯ ಮುಂದೆ ನಿಂತು ಉಜ್ಜುತ್ತಿದ್ದೆ, ಉಗುಳುತ್ತಿದ್ದೆ, ಹೋಗಿ ಒಬ್ಬನೇ ಉಣ್ಣುತ್ತಿದ್ದೆ.

ಒಂದು ಮಧ್ಯಾಹ್ನ ನಾನು ಹಿತ್ತಲ ಕಲ್ಲಿನ ಹತ್ತಿರ ನಿಂತು ಬಾಯಿ ಮುಕ್ಕಳಿಸುತ್ತಿದ್ದೆ. ಅವಳು ನಾಲ್ಕು ಮಾರು ದೂರದಲ್ಲಿ ಅವರೆಕಾಯಿ ಸುಲಿಯುತ್ತಾ ಕೂತಿದ್ದಳು. ತಲೆ ಎತ್ತದೆ, ಕಾಯಿ ಸುಲಿಯುವುದನ್ನೂ ನಿಲ್ಲಿಸದೆ ಮಾತು ತೆಗೆದಳು.

"ಮುಂಚೇನೇ ಹೇಳಿದ್ರೆ ನೀವ್ ಏನ್ಮಾಡ್ತಿದ್ರಿ?"

ನಾನು ನೀರು ಉಗುಳಿದೆ.

"ಇದನ್ನೇ ಮಾಡ್ತಿದ್ರಿ. ಈಗ ಮಾಡ್ತಿದೀರಲ್ಲ, ಇದನ್ನೇ. ವಾಸನೆ ಇದ್ರೂ ಮಾತಾಡೋ ಗಂಡ ಇದ್ದ ಕಣ್ರೀ. ನಂಗೆ ಅಷ್ಟು ಸಾಕಾಗಿತ್ತು."

ಇಷ್ಟು ಹೇಳಿ ಮೊರ ಎತ್ತಿಕೊಂಡು ಒಳಗೆ ಹೋದಳು. ನಾನು ಚೊಂಬು ಹಿಡಿದುಕೊಂಡು ಅಲ್ಲೇ ನಿಂತೆ. ಡಾಕ್ಟರಮ್ಮ ಆ ದಿನ ಕುರ್ಚಿ ಹತ್ತಿರಕ್ಕೆ ಎಳೆದುಕೊಂಡು ಹೇಳಿದ ಆ ಇಳಿಯದ ಕೋಪದ ಮಾತಿನಲ್ಲಿ ತಮಾಷೆ ಏನೂ ಇರಲಿಲ್ಲ ಅನ್ನುವುದು ಅಲ್ಲಿ ನಿಂತಾಗ ತಿಳಿಯಿತು. ನಮ್ಮನೆಯವಳು ದೂರ ಹೋಗಿದ್ದು ನನ್ನ ಬಾಯಿಯಿಂದ, ನನ್ನಿಂದಲ್ಲ. ಹತ್ತಿರ ಇದ್ದು ಸತ್ಯ ಹೇಳಿದ್ದರೆ ನಾನೇ ಅವಳನ್ನು ದೂರ ಇಡುತ್ತಿದ್ದೆ. ಇಷ್ಟು ವರ್ಷ ಆ ನಾತ ಕುಡಿದುಕೊಂಡು, ನನಗೆ ಕೇಳಿಸುವಷ್ಟು ದೂರದಲ್ಲಿ ಕೂತು, ಅಡುಗೆಮನೆಯಿಂದಲಾದರೂ ಕೂಗಿ ಮಾತಾಡುತ್ತಲೇ ಇದ್ದಳಲ್ಲ. ನನಗೆ ಅಳು ಬಂತು. ಬಾಯಿ ಮುಕ್ಕಳಿಸುವ ನೆಪ ಇದ್ದದ್ದು ಅನುಕೂಲವಾಯಿತು.

ಮಾತು ತಕ್ಷಣ ಶುರುವಾಗಲಿಲ್ಲ. ಬಿಟ್ಟ ಮಾತನ್ನು ಹಿಡಿಯುವುದು ಹೇಗೆ ಅನ್ನುವುದು ನನಗೆ ಅಭ್ಯಾಸವಿರಲಿಲ್ಲ. ಪ್ರತಿ ಸಲವೂ ಅವಳೇ ಹಿಡಿದು ರೂಢಿ. ಸಾರು ಚೆನ್ನಾಗಿದೆ ಎಂದು ಒಮ್ಮೆ ಹೇಳಿದೆ. ತೋಟದಲ್ಲಿ ಗರಿ ಬಿದ್ದಿದೆ ಎಂದು ಇನ್ನೊಮ್ಮೆ ಹೇಳಿದೆ. ಅವಳು ಹೂಂ ಅಂದಳು.

ಡಾಕ್ಟರಮ್ಮ ಕಡ್ಡಿ ಇಳಿಸಿ ನೋಡಿ, ಈ ಸಲ ರಕ್ತ ಬರಲಿಲ್ಲ, ವಸಡು ಗುಲಾಬಿ ಬಣ್ಣಕ್ಕೆ ತಿರುಗುತ್ತಿದೆ ಎಂದು ಬೆನ್ನು ತಟ್ಟಿ ಕಳಿಸಿದ ದಿನ ಮನೆಗೆ ಬಂದೆ. ಇನ್ನೂ ಬಿಸಿಲಿತ್ತು. ಅವಳು ಜಗಲಿಯಲ್ಲಿ, ಕಂಬದ ಆಚೆ, ತನ್ನ ಜಾಗದಲ್ಲಿ ಕೂತು ಹೂ ಕಟ್ಟುತ್ತಿದ್ದಳು. ನಾನು ಕಂಬ ದಾಟಿ ಹೋಗಿ ಪಕ್ಕದಲ್ಲಿ ಕೂತೆ. ಅವಳ ಕೈ ನಿಂತಿತು. ನೋಡೇ, ಹೆಂಗೈತೆ ಎಂದು ಬಾಯಿ ತೆರೆದು ಅವಳ ಕಡೆ ಬಾಗಿದೆ.

ಅವಳು ನನ್ನ ಮುಖವನ್ನೇ ನೋಡಿದಳು. ಹೇಳಲೋ ಬೇಡವೋ ಎಂದು ಅಳೆಯುತ್ತಿದ್ದಳು. ಕಣ್ಣಲ್ಲಿ ಹೆದರಿಕೆ ಇತ್ತು. ಇಷ್ಟು ಕಾಲ ಜೊತೆಗಿದ್ದು ಆ ಹೆದರಿಕೆಯನ್ನು ನಾನು ಕಂಡದ್ದು ಅದೇ ಮೊದಲು. ನಿಜ ಹೇಳು ಎಂದೆ. ಅವಳು ಹೂವಿನ ಬುಟ್ಟಿ ಕೆಳಗಿಟ್ಟು, ಮೂಗನ್ನು ನನ್ನ ಬಾಯಿಯ ಹತ್ತಿರ ತಂದು, ನಿಧಾನವಾಗಿ ಉಸಿರೆಳೆದಳು.

"ಇನ್ನೂ ಒಸಿ ಐತೆ."

ಕೋಪ ಬಂತು. ಬರಲಿಲ್ಲ ಎಂದರೆ ಸುಳ್ಳಾಗುತ್ತದೆ. ಇಷ್ಟು ಸೂಜಿ ಚುಚ್ಚಿಸಿಕೊಂಡು, ಇಷ್ಟು ದಿನ ಉಜ್ಜಿ ಬಂದವನಿಗೆ ಹೇಳುವ ಮಾತೇ ಇದು ಎಂದು ಎಂದಿನ ಜಾಗಕ್ಕೇ ಏರಿತು. ಅವಳು ಕಾಯುತ್ತ ಕೂತಿದ್ದಳು. ನಾನು, ಸರಿ, ಇನ್ನೊಂದು ಸಲ ಉಜ್ಜಿ ಬತ್ತೀನಿ ಎಂದು ಎದ್ದು ಬಚ್ಚಲಿಗೆ ಹೋದೆ. ಎಲ್ಲ ಸಂದಿಯನ್ನೂ ಬಿಡದೆ ಉಜ್ಜಿ, ಮುಕ್ಕಳಿಸಿ, ಮುಖ ಒರೆಸಿಕೊಂಡು ಬಂದು ಅದೇ ಜಾಗದಲ್ಲಿ ಕೂತೆ. ಅವಳು ಈ ಸಲ ನನ್ನ ಮುಖ ನೋಡಲಿಲ್ಲ. ನೆಟ್ಟಗೆ ಬಾಗಿ, ಮೂಸಿ, "ಇನ್ನೂ ಐತೆ ಕಣ್ರೀ" ಅಂದಳು. ಆಮೇಲೆ ನನ್ನ ಪಕ್ಕದಲ್ಲೇ ಕೂತು ಹೂ ಕಟ್ಟತೊಡಗಿದಳು.